ಶಾಲಾ ವ್ಯಾನಿಗೆ ಹಾಕಿದ ನೆಲ

ಅಥಣಿ ತಾಲೂಕಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಫೋರಮನ್ ಆಗಿದ್ದ ನಾನು ನಿವೃತ್ತನಾಗಿ ಚಿಕ್ಕೋಡಿಯ ಮನೆಗೆ ಬಂದು ಕೂತ ವರ್ಷ ನಡೆದ ಸಂಗತಿ ಇದು. ಈಗ್ಗೆ ಎರಡು ವರ್ಷವಾಯಿತು. ನನ್ನ ದುಡಿಮೆಯ ಕಾಲವೆಲ್ಲ ಒಣದ್ರಾಕ್ಷಿಯನ್ನು ತಣ್ಣಗೆ ಇಡುವುದರಲ್ಲೇ ಕಳೆದಿತ್ತು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ನಾಲ್ಕು ಡಿಗ್ರಿ ಚಳಿ, ಎರಡರ ನಡುವೆ ಅರ್ಧ ಗೇಣು ದಪ್ಪದ ಫೋಮ್. ಬಿಸಿಯನ್ನು ಆಚೆಯೇ ತಡೆಯುವ ಈ ಹೊದಿಕೆಗೆ ಇನ್ಸುಲೇಷನ್ ಅನ್ನುತ್ತಾರೆ. ಅದರಲ್ಲಿ ಎಲ್ಲಾದರೂ ಒಂದು ಸಂದು ಬಿಟ್ಟರೆ ಗೋಡೆ ಬೆವರುತ್ತದೆ, ಬೆವರಿದಲ್ಲಿ ಬೂಷ್ಟು ಹಿಡಿಯುತ್ತದೆ, ರೈತನ ಮಾಲು ಹಾಳಾಗುತ್ತದೆ. ಹಾಗಾಗಿ ಸಂದು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಯ ಬಾಗಿಲನ್ನು ಯಾರಾದರೂ ಅರೆಬರೆ ಹಾಕಿದರೂ ನಾನು ಬೈಯುತ್ತೇನೆಂಬುದು ನನ್ನ ಹೆಂಡತಿಯ ಹಳೆಯ ದೂರು.

ಅಂಥ ದಿನಗಳಲ್ಲಿ ಒಂದು ಮುಂಜಾನೆ ಪ್ರವೀಣ ಬಂದ. ಕಾಗವಾಡದ ಹತ್ತಿರ ದ್ರಾಕ್ಷಿ ತೋಟವಿರುವ ಮನೆಯ ಹುಡುಗ. ಅವನ ತಂದೆ ಬದುಕಿದ್ದಾಗ ಅವರ ಮಾಲೆಲ್ಲ ನಮ್ಮ ಸ್ಟೋರೇಜಿಗೇ ಬರುತ್ತಿತ್ತು, ಹಾಗಾಗಿ ಮನೆತನ ಗೊತ್ತು. ಯಾವುದೋ ಶಾಲೆಯವರು ಮಾರಿದ ಹಳೆಯ ವ್ಯಾನೊಂದನ್ನು ಕೊಂಡಿದ್ದೇನೆ, ಅದನ್ನು ಕ್ಯಾಂಪರ್ ವ್ಯಾನ್ ಮಾಡುತ್ತಿದ್ದೇನೆ ಎಂದ. ಅಂದರೆ ಅದರೊಳಗೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ಊರೂರು ತಿರುಗಬಹುದಾದ ಗಾಡಿ. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಮಾಡುತ್ತಿದ್ದನಂತೆ. ನನಗೆ ನಗು ಬಂತು.

"ಗ್ವಾಡಿ, ಕಪಾಟು, ಲೈಟು ಎಲ್ಲಾ ನಾ ಮಾಡ್ಕೊಂತೇನ್ರಿ ಕಾಕಾ. ನೆಲಾ ಅಷ್ಟ ನೀವು ಹಾಕಿ ಕೊಡ್ರಿ."

"ಯಾಕ, ನಿಮ್ಮ ಕಡೆ ಬಡಿಗ್ಯಾರು ಇಲ್ಲೇನು?"

"ಅವರಿಗೆ ಫಳಿ ಜೋಡ್ಸಾಕ ಬರ್ತೈತ್ರಿ, ಬಿಸಿ ತಡ್ಯಾಕ ಬರೂದಿಲ್ಲ. ನೆಲಾ ಬೇಕಾಗಿರೂದು ನಮ್ಮ ಅಕ್ಕಗ್ರಿ."

ನನ್ನ ನಗು ಅಲ್ಲಿಗೆ ನಿಂತಿತು. ಅವನ ಅಕ್ಕ ರೂಪಾಳ ವಿಷಯ ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ರಾಯಬಾಗದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಹುಡುಗಿ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಬಲೆಯ ಅಟ್ಟಗಳು ಒಂದರ ಮೇಲೊಂದು ಇರುತ್ತವೆ. ರಜೆಗೆ ಬಂದಾಗ ಮೇಲಿನ ಅಟ್ಟಕ್ಕೆ ಹತ್ತಿ ಹಣ್ಣು ಹರವುತ್ತಿದ್ದವಳು ಕಾಲು ಜಾರಿ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಚಿವುಟಿದರೆ ಗೊತ್ತಾಗುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ.

ಸುಟ್ಟದ್ದು ಗೊತ್ತಾಗದೇ ಒಮ್ಮೆ ಅನಾಹುತ ಆಗಿಯೂ ಇತ್ತು. ಒಂದು ಚಳಿಗಾಲ ತಾಯಿ ಶಾಂತವ್ವ ಮಗಳ ಕಾಲು ತಣ್ಣಗಿದೆಯಲ್ಲ ಎಂದು ಮಮತೆಯಿಂದ ಬಿಸಿನೀರಿನ ಚೀಲವನ್ನು ಪಾದದ ಹತ್ತಿರ ಇಟ್ಟು ಹೊದಿಸಿದ್ದಳು. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ. ಸ್ಪರ್ಶವಿಲ್ಲದ ಚರ್ಮದ ಗಾಯ ಬೇಗ ಮಾಯುವುದಿಲ್ಲ. ಆ ಗಾಯ ಎಲುಬಿನವರೆಗೆ ಇಳಿದು, ಮಿರಜದ ಆಸ್ಪತ್ರೆಗೆ ಓಡಾಡಿ, ಅವಳು ಬಹುಪಾಲು ಒಂದು ವರ್ಷ ಮಗ್ಗುಲಾಗಿ ಮಲಗಿಯೇ ಇರಬೇಕಾಯಿತು. ಇನ್ನೊಮ್ಮೆ ಹೀಗಾದರೆ ಕಾಲು ಉಳಿಸಿಕೊಡುತ್ತೇನೆಂದು ಹೇಳಲಾರೆ ಎಂದು ಡಾಕ್ಟರು ಖಡಾಖಡಿ ಹೇಳಿದ್ದರಂತೆ.

ಇದನ್ನು ಕೇಳಿದ ಮೇಲೆ ನನಗೆ ಆ ಕೆಲಸ ಬೇಡವೆನಿಸಿತು. ಒಣದ್ರಾಕ್ಷಿ ಹಾಳಾದರೆ ವಿಮೆ ಇರುತ್ತದೆ. ಪ್ರವೀಣನಿಗೆ ನೇರವಾಗಿ ಹೇಳಿಬಿಟ್ಟೆ, ನನಗೆ ಗೋದಾಮಿನ ನೆಲ ಗೊತ್ತು, ಓಡುವ ಗಾಡಿಯ ನೆಲ ಗೊತ್ತಿಲ್ಲ ಎಂದು. ಅವನು ವಾದ ಮಾಡಲಿಲ್ಲ. "ಒಂದ ಸಲ ಬಂದು ಅಕ್ಕನ್ನ ಭೇಟ್ಟಿ ಆಗ್ರಿ, ಆಮ್ಯಾಲೆ ಇಲ್ಲ ಅನ್ರಿ" ಅಂದ. ಚಾಲಾಕಿ ಹುಡುಗ.

ಹೋದೆ. ರೂಪಾ ಪಡಸಾಲೆಯ ನೆಲದ ಮೇಲೆ ಕೂತು ಹತ್ತನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನಾನು ಬಂದದ್ದು ಕಂಡು ಮಕ್ಕಳನ್ನು ಕಳಿಸಿ, ಎರಡೂ ಅಂಗೈ ನೆಲಕ್ಕೆ ಊರಿ, ಮೈಯನ್ನು ಎತ್ತಿ ಎತ್ತಿ ಮುಂದಿಟ್ಟುಕೊಂಡು, ಕಾಲುಗಳನ್ನು ಎಳೆದುಕೊಂಡು ನನ್ನ ಹತ್ತಿರ ಬಂದಳು. ಗಾಲಿಕುರ್ಚಿ ಮೂಲೆಯಲ್ಲಿತ್ತು. ಮನೆಯೊಳಗೆ ಅವಳು ಅದನ್ನು ಬಳಸುತ್ತಿರಲಿಲ್ಲ.

"ಪ್ರವ್ಯಾ ಗಾಡ್ಯಾಗ ಕಾಟ್ ಹಾಕ್ತೇನಂತಾನ್ರಿ ಕಾಕಾ. ನನಗ ಕಾಟ್ ಬ್ಯಾಡ. ಕಾಟಿನ ಮ್ಯಾಲೆ ಇಟ್ರ ಇಟ್ಟಲ್ಲೇ ಇರ್ತೇನಿ. ನೆಲಾ ಇದ್ರ ನಾನ ತಿರಗ್ಯಾಡ್ತೇನಿ."

"ಎಲ್ಲಿಗೆ ಹೋಗಬೇಕಂತೀ ಗಾಡಿ ತಗೊಂಡು?"

"ಸಮುದ್ರಕ್ರಿ. ಏಳು ವರ್ಷ ಹುಡುಗ್ರಿಗೆ ಭರತಿ, ಇಳಿತ ಕಲಿಸೇನಿ. ಒಂದ ಸಲನೂ ನೋಡಿಲ್ಲ."

ಬಸ್ಸಿನಲ್ಲಿ, ಕಾರಿನಲ್ಲಿ ಅವಳು ಬಹಳ ಹೊತ್ತು ಕೂರುವಂತಿರಲಿಲ್ಲ. ಕೂತಲ್ಲೇ ಕೂತರೆ ಚರ್ಮ ಒಡೆಯುತ್ತದೆ. ನಡುನಡುವೆ ಮಲಗಬೇಕು, ಮಗ್ಗುಲು ಬದಲಿಸಬೇಕು. ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಅವಳು ಹೋಗಿರಲಿಲ್ಲ. ನನಗೆ ಇಲ್ಲ ಅನ್ನಲಾಗಲಿಲ್ಲ. ಆದರೆ ಹೂಂ ಅಂದ ಗಳಿಗೆಯಿಂದ ಎದೆಯಲ್ಲಿ ಏನೋ ಕಸಿವಿಸಿ ಶುರುವಾಯಿತು, ಊಟಕ್ಕೆ ಕೂತರೂ ಅದೇ ಯೋಚನೆ.

ವ್ಯಾನಿನ ಸೀಟುಗಳನ್ನು ಪ್ರವೀಣ ಆಗಲೇ ಕಿತ್ತಿದ್ದ. ಹಳೆಯ ರಬ್ಬರ್ ಹಾಸು ಎತ್ತಿದರೆ ಕೆಳಗೆ ಪೆನ್ಸಿಲ್ ತುಂಡು, ರಬ್ಬರು, ಚಾಕೊಲೇಟಿನ ಕಾಗದ, ಒಂದು ಮಗುವಿನ ಬಳೆ. ಅದರ ಕೆಳಗೆ ತುಕ್ಕು. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿದೆವು. ಸೀಟಿನ ಬೋಲ್ಟಿದ್ದ ತೂತುಗಳನ್ನೆಲ್ಲ ಮುಚ್ಚಿದೆವು, ಇಲ್ಲದಿದ್ದರೆ ರಸ್ತೆಯ ಧೂಳು, ನೀರು ಒಳಗೆ ಬರುತ್ತದೆ. ತಗಡಿನ ಮೇಲೆ ಇಪ್ಪತ್ತೈದು ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್ ಹಲಗೆ, ಅದರ ಮೇಲೆ ನೀರಿಗೆ ಉಬ್ಬದ ಹನ್ನೆರಡು ಮಿಲಿಮೀಟರ್ ಪ್ಲೈವುಡ್, ಎಲ್ಲಕ್ಕಿಂತ ಮೇಲೆ ಒಂದೇ ತುಂಡಿನ ವಿನೈಲ್ ಹಾಸು. ರೂಪಾ ಕೈಯೂರಿ ಸರಿಯುವಾಗ ಒಂದು ಸ್ಕ್ರೂ ತಲೆಯೂ ಅವಳ ಕಾಲಿಗೆ ತಾಗಬಾರದು. ಪ್ರತಿ ಸ್ಕ್ರೂವನ್ನೂ ಒಳಕ್ಕೆ ಇಳಿಸಿ, ಮೇಲೆ ಪುಟ್ಟಿ ತುಂಬಿ, ಅಂಗೈಯಿಂದ ಸವರಿ ನೋಡುತ್ತಿದ್ದೆ. ಪ್ರವೀಣನಿಗೆ ಈ ಸವರುವಿಕೆ ಬೇಸರ ತಂದಿತು. ವಿಡಿಯೋದಲ್ಲಿ ಯಾರೂ ಹೀಗೆ ಮಾಡುವುದಿಲ್ಲವಂತೆ.

"ವಿಡಿಯೋದಾಗಿನ ಮಂದಿಗೆ ಕಾಲು ಅದಾವಲೇ. ಚುಚ್ಚಿದ್ರ ಎತ್ಕೊಂತಾರ" ಎಂದು ಗದರಿದೆ. ಅವನು ಪುಟ್ಟಿ ಕಲಸಿದ.

ನನಗೆ ನಿಜವಾದ ಭಯವಿದ್ದದ್ದು ಸೈಲೆನ್ಸರಿನದು. ಎಂಜಿನಿನ ಬಿಸಿ ಹೊಗೆಯನ್ನು ಹಿಂದಕ್ಕೆ ಒಯ್ಯುವ ಪೈಪು ಮತ್ತು ಡಬ್ಬಿ ನೆಲದ ತಗಡಿನ ಕೆಳಗೇ ಇರುತ್ತದೆ. ನಮ್ಮ ಫೋಮು ಎಪ್ಪತ್ತೈದು ಡಿಗ್ರಿಯವರೆಗೆ ಗಟ್ಟಿ, ಅದನ್ನು ದಾಟಿದರೆ ಮೆತ್ತಗಾಗಿ ಕುಸಿಯುತ್ತದೆ. ಗೋದಾಮಿನ ನೆಲದಡಿ ಯಾರೂ ಒಲೆ ಹಚ್ಚುವುದಿಲ್ಲವಾದ್ದರಿಂದ ಈ ಚಿಂತೆ ನನಗೆ ಹೊಸದು. ಆ ಗಾಡಿಯಲ್ಲಿ ಸೈಲೆನ್ಸರ್ ಬಲಬದಿಗಿತ್ತು. ಅಲ್ಲಿ ಫೋಮ್ ಹಾಕದೆ ಬೆಂಕಿಗೂ ಸುಡದ ಸೆರಾಮಿಕ್ ಉಣ್ಣೆ ತುಂಬಿದೆ. ಕೆಳಗಿನಿಂದ ತಗಡಿಗೂ ಪೈಪಿಗೂ ನಡುವೆ ಗಾಳಿಯಾಡುವಂತೆ ಅಂತರ ಬಿಟ್ಟು ಅಲ್ಯೂಮಿನಿಯಂ ಹಾಳೆ ಕಟ್ಟಿದೆ. ಇದಕ್ಕೆ ಹೀಟ್ ಶೀಲ್ಡ್ ಎನ್ನುತ್ತಾರೆ. ಇಷ್ಟಾದರೂ ಸಮಾಧಾನವಾಗದೆ, ರೂಪಾಳ ಹಾಸಿಗೆ ಎಡಬದಿಗೇ ಇರಬೇಕೆಂದು ಗೆರೆ ಎಳೆದು ತೋರಿಸಿದೆ. ಬಲಕ್ಕೆ ಅಡುಗೆ ಕಟ್ಟೆ, ಎಡಕ್ಕೆ ಹಾಸಿಗೆ.

ವಿನೈಲಿನ ಅಂಟು ಗಟ್ಟಿಯಾಗಲು ಗಾಡಿಯನ್ನು ಹಾಗೇ ಬಿಡಬೇಕಿತ್ತು. ಗೋಡೆಯಂಚಿಗೆ ಸುತ್ತಲೂ ಬಡಿಯುವ ಪಟ್ಟಿಯನ್ನು ಮಾತ್ರ ಉಳಿಸಿದೆ. ಗಾಡಿ ಒಮ್ಮೆ ಕುಲುಕಾಡಿ ಹಲಗೆಗಳು ತಮ್ಮ ಜಾಗದಲ್ಲಿ ಕೂತ ಮೇಲೆ ಅದನ್ನು ಹೊಡೆದು ಸಂದನ್ನು ಸೀಲ್ ಮಾಡುವುದೆಂದು ಹೇಳಿ ಚಿಕ್ಕೋಡಿಗೆ ಮರಳಿದೆ. ಮುಂದಿನ ವಾರ ಟ್ರಯಲ್ ಎಂದು ನಿಶ್ಚಯವಾಯಿತು.

ಟ್ರಯಲ್ಲಿನ ದಿನ ನಾನು ಕಾಗವಾಡಕ್ಕೆ ತಲುಪಿದಾಗ ಗಾಡಿಯ ಬಾಗಿಲಿಗೆ ಮಾವಿನ ತೋರಣ, ಮುಂದೆ ರಂಗೋಲಿ, ಊದಿನಕಡ್ಡಿಯ ಹೊಗೆ. ಚೆಂದ ಕಂಡಿತು. ಹಿಂದಿನ ಬಾಗಿಲಿಗೆ ಪ್ರವೀಣ ಹೊಸದಾಗಿ ಒಂದು ಇಳಿಜಾರು ಹಲಗೆ ಮಾಡಿಸಿದ್ದ. ಎಳೆದರೆ ನೆಲದಡಿಯಿಂದ ಹೊರಬರುತ್ತದೆ, ತಳ್ಳಿದರೆ ಒಳಗೆ ಹೋಗುತ್ತದೆ. ಅಕ್ಕನ ಗಾಲಿಕುರ್ಚಿ ನೇರ ಒಳಗೆ ಹತ್ತಲಿ ಎಂದು. ಭೇಷ್ ಅಂದೆ. ಇನ್ನೂ ಅದನ್ನು ಬಗ್ಗಿ ನೋಡಬೇಕು ಅನ್ನುವಷ್ಟರಲ್ಲಿ ಗಾಡಿಯೊಳಗಿಂದ ಚಪ್ಪಾಳೆಯ ಸದ್ದು ಬಂತು.

ಶಾಂತವ್ವ ನನ್ನ ಹೊಸ ನೆಲದ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟು, ಹಿತ್ತಾಳೆ ಪಾತ್ರೆಗೆ ಅರಿಷಿಣ ಕುಂಕುಮ ಹಚ್ಚಿ, ಹಾಲು ಉಕ್ಕಿಸುತ್ತಿದ್ದಳು. ಹಾಲು ಪಾತ್ರೆಯ ನಾಲ್ಕೂ ಕಡೆ ಉಕ್ಕಿ ಒಲೆಯಿಂದ ಇಳಿದು ನೆಲಕ್ಕೆ ಹರಿಯಿತು. ಗಾಡಿ ನಿಂತದ್ದು ಇಳುಕಲಿನಲ್ಲಿ. ನಾನು ನೋಡುತ್ತಿದ್ದಂತೆ ಹಾಲು ಎಡಗಡೆ ಹಿಂದಿನ ಮೂಲೆಗೆ ಓಡಿ, ನಾನು ಪಟ್ಟಿ ಹೊಡೆಯದೆ ಬಿಟ್ಟ ಸಂದಿನಲ್ಲಿ ಇಳಿದು ಕಾಣೆಯಾಯಿತು.

ನನ್ನ ಬಾಯಿಂದ ಏನೇನು ಬಂತೋ ಈಗ ನೆನಪಿಲ್ಲ. ಹಾಲು ಪ್ಲೈವುಡ್ಡಿನ ಅಂಚಿನಿಂದ ಫೋಮಿನ ಕೆಳಗೆ ತಗಡಿನವರೆಗೆ ಹೋಗುತ್ತದೆ. ಅಲ್ಲಿ ಅದು ಹಳಸಿ, ನಾತ ಹೊಡೆದು, ಇರುವೆ ಕಟ್ಟಿ, ತುಕ್ಕು ಹಿಡಿಸುತ್ತದೆ. ನೀರಾಗಿದ್ದರೆ ಒಣಗುತ್ತಿತ್ತು. ಇಷ್ಟನ್ನು ಕೂಗಾಡಿ ಹೇಳಿದೆ.

ಶಾಂತವ್ವ ಸೆರಗಿನಿಂದ ನೆಲ ಒರೆಸುತ್ತ, "ಮನಿ ಅಂದ ಮ್ಯಾಲೆ ಹಾಲು ಉಕ್ಕಿಸ್ಬಾರ್ದೇನ್ರಿ ಅಣ್ಣಾರ? ನನ್ನ ಮಗಳು ಇರೂ ಜಾಗಾ ಅದು" ಅಂದಳು. ಅವಳ ಕಣ್ಣಲ್ಲಿ ನೀರು.

ನಾನು ಈಗಲೇ ನೆಲ ಬಿಚ್ಚೋಣವೆಂದೆ. ಪ್ರವೀಣ ತಲೆ ತಗ್ಗಿಸಿ ನಿಂತ. ಆಗ ಬಾಗಿಲ ಬಳಿ ಕೂತಿದ್ದ ರೂಪಾ ಮಾತಾಡಿದಳು. "ಕಾಕಾ, ಹಾಲು ಹಳಸಾಕ ಇನ್ನ ಟೈಮ್ ಐತ್ರಿ. ಇವತ್ತ ಗಾಡಿ ಹೊಂಟಿದ್ದು ಹೋಗ್ಲಿ. ನಾ ನಿನ್ನಿಯಿಂದ ತಯಾರಾಗಿ ಕುಂತೇನಿ."

ಆಕೆಯ ತಲೆಗೆ ಹೂ ಇತ್ತು, ಮೈಮೇಲೆ ಹೊಸ ಚೂಡಿದಾರ. ನಾನು ಸಿಡುಕುತ್ತಲೇ ಹೂಂ ಅಂದೆ. ಸಿಡುಕಿನಲ್ಲೇ ಗಾಡಿಯನ್ನು ಒಮ್ಮೆ ಕೆಳಗೆ ಬಗ್ಗಿ ನೋಡುವುದೂ ಉಳಿಯಿತು.

ಕುಡಚಿ, ರಾಯಬಾಗ ದಾಟಿ ಚಿಕ್ಕೋಡಿಗೆ ಬಂದೆವು. ಪ್ರವೀಣ ಓಡಿಸುತ್ತಿದ್ದ. ನಾನು, ಶಾಂತವ್ವ ಹಿಂದೆ ನೆಲದ ಮೇಲೆ. ರೂಪಾ ತೆಳು ಹಾಸಿಗೆಯ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ನಡುನಡುವೆ ಕೈಯೂರಿ ಎದ್ದು ಮುಂದಕ್ಕೆ ಹೋಗಿ ತಮ್ಮನ ಹಿಂದೆ ಕೂತು ರಸ್ತೆ ನೋಡುವಳು, ಮತ್ತೆ ಬಂದು ಮಲಗುವಳು. ಹೊಸ ನೆಲದ ಮೇಲೆ ಸರಾಗವಾಗಿ ಸರಿಯುತ್ತಿದ್ದಳು. ಯಾರನ್ನೂ ಎತ್ತಿಕೊಡಿ, ಹಿಡಿದುಕೊಳ್ಳಿ ಎಂದು ಕೇಳಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ನಾನು ಸ್ಟೋರೇಜಿನಲ್ಲಿ ಬಳಸುತ್ತಿದ್ದ ಉದ್ದ ತಂತಿಯ ಥರ್ಮಾಮೀಟರ್ ತಂದಿದ್ದೆ. ಅದರ ತುದಿಯನ್ನು ಬಲಬದಿಗೆ, ಸೈಲೆನ್ಸರಿನ ನೇರಕ್ಕೆ ನೆಲಕ್ಕೆ ಅಂಟಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಣ್ಣು ಅದರ ಮೇಲೇ. ಚಿಕ್ಕೋಡಿಯಲ್ಲಿ ಮೂವತ್ತಾರು. ನಿಪ್ಪಾಣಿಯಲ್ಲಿ ಮೂವತ್ತೇಳು. ಅದು ಬಿಸಿಲಿನದೇ ಹೊರತು ಎಂಜಿನಿನದಲ್ಲ. ಆದರೂ ಸಪಾಟು ರಸ್ತೆಯ ಓಟ ಸಾಲದು. ಸಮುದ್ರಕ್ಕೆ ಹೋಗುವವರು ಘಾಟು ಇಳಿಯಬೇಕು, ಬರುವಾಗ ಹತ್ತಬೇಕು. ಏರಿನಲ್ಲಿ ಎಂಜಿನ್ ತಿಣುಕಿದಾಗಲೇ ಸೈಲೆನ್ಸರ್ ಕೆಂಪಗೆ ಕಾಯುವುದು. "ತವನಿಧಿ ಘಾಟ್ ಹತ್ತಿಸಿ ನೋಡೂಣು" ಎಂದು ಪ್ರವೀಣನಿಗೆ ಹೇಳಿ ಗಾಡಿಯನ್ನು ಹೈವೇಗೆ ತಿರುಗಿಸಿಸಿದೆ.

ಏರು ಶುರುವಾಯಿತು. ಮುಂದೆ ಕಬ್ಬಿನ ಲೋಡಿನ ಗಾಡಿಗಳ ಸಾಲು, ಎರಡನೇ ಗೇರಿನಲ್ಲೇ ಹತ್ತಬೇಕಾಯಿತು. ಮೀಟರು ಮೂವತ್ತೆಂಟಕ್ಕೆ ಬಂದು ಅಲ್ಲೇ ನಿಂತಿತು. ತಿಂಗಳಿಂದ ಎದೆಯಲ್ಲಿದ್ದ ಕಸಿವಿಸಿ ಆಗ ಸ್ವಲ್ಪ ಸಡಿಲಾಯಿತು.

"ಅವ್ವಾ, ಹಾಲು ತಳಾ ಹತ್ತೇತಿ ನೋಡ" ಅಂದಳು ರೂಪಾ.

"ಒಲಿ ಮುಂಜಾನೇನ ಆರ್ಸೇನವಾ. ಆವಾಗ ಉಕ್ಕಿದ್ದು, ಅದ ವಾಸನಿ."

ನಾನು ಮೀಟರಿನಿಂದ ತಲೆಯೆತ್ತದೆ, "ನಾ ಹೇಳಿರಲಿಲ್ಲೇನು ಹಳಸ್ತೈತಿ ಅಂತ" ಎಂದೆ.

"ಹಳಸಿದ್ದಕ್ಕ ಹುಳಿ ವಾಸನಿ ಇರ್ತೈತ್ರಿ ಕಾಕಾ. ಇದು ಸೀದದ್ದು." ಅವಳು ಮೂಗು ಅರಳಿಸಿ ಮತ್ತೊಮ್ಮೆ ಉಸಿರೆಳೆದಳು. "ಹಾಲು ಸೀಯಬೇಕಂದ್ರ ಕೆಳಗ ಬೆಂಕಿ ಬೇಕಲ್ರಿ?"

ಮೀಟರನ್ನು ಎಸೆದು ನೆಲದ ಮೇಲೆ ಅಂಗೈ ಇಟ್ಟೆ. ಬಲಬದಿ ತಂಪು. ನಡುವೆ ಉಗುರುಬೆಚ್ಚಗೆ. ಎಡಕ್ಕೆ, ಹಾಸಿಗೆಯ ಕಾಲ್ದೆಸೆಯ ಹತ್ತಿರ ಕೈ ಇಟ್ಟವನು ಹಾಗೇ ಹಿಂದಕ್ಕೆ ಎಳೆದುಕೊಂಡೆ. ರೂಪಾಳ ಎಡಗಾಲು ಗಾಡಿಯ ಕುಲುಕಾಟಕ್ಕೆ ಹಾಸಿಗೆಯಿಂದ ಜಾರಿ ಹಿಮ್ಮಡಿ ನೇರ ವಿನೈಲಿನ ಮೇಲಿತ್ತು. ಅವಳು ಕಿಟಕಿಯಾಚೆ ನೋಡುತ್ತ ಆರಾಮಾಗಿ ಮಲಗಿದ್ದಳು.

"ಗಾಡಿ ನಿಂದ್ರಸೋ ಪ್ರವೀಣ. ನಿಂದ್ರಸು."

ಕಾಲನ್ನು ಎತ್ತಿ ಹಿಡಿದೆ. ಶಾಂತವ್ವ ಕಾಲುಚೀಲ ಎಳೆದು ತೆಗೆದಳು. ಹಿಮ್ಮಡಿಯ ಹಳೆಯ ಗಾಯದ ಕಲೆಯ ಪಕ್ಕದಲ್ಲೇ ಕೆಂಪು ಮಚ್ಚೆ. ಕುಡಿಯುವ ನೀರಿನ ಕ್ಯಾನನ್ನೇ ತಂದು ಪಾದದ ಮೇಲೆ ಸುರಿದೆವು, ಸುರಿಯುತ್ತಲೇ ಇದ್ದೆವು. ನೀರು ನೆಲದ ಮೇಲೆ ಹರಿದು ಅದೇ ಸಂದಿನಲ್ಲಿ ಇಳಿಯುತ್ತಿತ್ತು. ಆಗ ಅದರ ಪರಿವೆ ಯಾರಿಗಿದೆ? ಮಿರಜದ ಆಸ್ಪತ್ರೆಯಲ್ಲಿ ಶಾಂತವ್ವನಿಗೆ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪು ಮರಳಿದರೆ ಚರ್ಮಕ್ಕೆ ಜೀವ ಇದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಒಳಗೆ ಆಗಲೇ ಕೆಟ್ಟಿದೆ ಎಂದು ಅರ್ಥ. ಆಕೆ ಬೆರಳು ಮುಂದೆ ಚಾಚಿದಳು, ಆದರೆ ಒತ್ತಲಿಲ್ಲ.

ಪ್ರವೀಣನೂ ಹಿಂದೆ ಬಂದಿದ್ದ. ನಾವು ಮೂವರೂ ಆ ಹಿಮ್ಮಡಿಯನ್ನೇ ನೋಡುತ್ತಿದ್ದೆವು. ರೂಪಾ ನಮ್ಮನ್ನು ನೋಡುತ್ತಿದ್ದಳು.

"ನನ್ನ ಕಾಲಿಗೆ ಏನಾಗೇತಿ ಅಂತ ನಾ ನಿಮ್ಮ ಮಾರಿ ನೋಡಿ ತಿಳ್ಕೊಬೇಕ್ರಿ" ಅಂದಳು. "ಲಗೂ ಒತ್ತ ಅವ್ವಾ."

ಶಾಂತವ್ವ ಒತ್ತಿದಳು. ಬೆರಳು ತೆಗೆದಾಗ ಅಲ್ಲಿ ಬಿಳಿ ಗುರುತು. ನಿಧಾನವಾಗಿ ಕೆಂಪು ಮರಳಿತು. ಆಕೆ ಮತ್ತೊಮ್ಮೆ ಒತ್ತಿದಳು, ಮತ್ತೊಮ್ಮೆ ಬೆಳ್ಳಗಾಗಿ ಕೆಂಪಾಯಿತು. ಶಾಂತವ್ವ ಮಗಳ ಪಾದವನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ನನಗೂ ಅಳು ಬಂತು. ಕೆಳಗಿಳಿದು ಗಾಡಿಯ ಹಿಂದೆ ಹೋಗಿ ನಿಂತೆ.

ನಿಂತವನು ರಸ್ತೆಯಂಚಿನ ಮಣ್ಣಿನಲ್ಲೇ ಅಂಗಾತ ಮಲಗಿ ಗಾಡಿಯಡಿ ನೋಡಿದೆ. ಬಲಬದಿಗೆ ನನ್ನ ಹೀಟ್ ಶೀಲ್ಡ್ ನೀಟಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ಸೈಲೆನ್ಸರ್ ಇರಲಿಲ್ಲ. ಹಿಂದಿನ ಅರ್ಧ ಪೈಪು ಎಡಕ್ಕೆ ತಿರುಗಿ, ಡಬ್ಬಿ ನೆಲದ ತಗಡಿಗೆ ಹೆಚ್ಚು ಕಡಿಮೆ ತಾಗಿಕೊಂಡೇ ಇತ್ತು. ಅದರ ಪಕ್ಕದಲ್ಲಿ ಪ್ರವೀಣನ ಇಳಿಜಾರು ಹಲಗೆಯ ಹಳಿಗಳು.

ಪ್ರವೀಣ ಬಗ್ಗಿ ನನ್ನ ಮುಖ ನೋಡಿದ. "ಹಲಗಿ ಒಳಗ ಹೋಗಾಕ ಪೈಪ್ ಅಡ್ಡ ಬರ್ತಿತ್ರಿ ಕಾಕಾ. ಗ್ಯಾರೇಜನ್ಯಾವ ಈ ಕಡೆ ತಿರುಗಿಸಿ ಕೊಟ್ಟ. ನಿಮ್ಮ ನೆಲಕ್ಕ ನಾವು ಕೈ ಹಚ್ಚಿಲ್ರಿ."

"ನನಗ ಒಂದ ಮಾತು ಹೇಳಬಾರದೇನೋ?"

"ಅದು ಕೆಳಗಿನ ಕೆಲಸ ಅಂತ..." ಅಂದ ಅವನು.

ನಿಜಕ್ಕೂ ಅವನ ಲೆಕ್ಕದಲ್ಲಿ ನೆಲವೆಂದರೆ ಮೇಲಿನದು. ಅಕ್ಕನ ಕುರ್ಚಿ ಸುಲಭವಾಗಿ ಹತ್ತಲಿ ಎಂದೇ ಆ ಹಲಗೆ ಮಾಡಿಸಿದ್ದ. ತಾಯಿ ಬಿಸಿನೀರಿನ ಚೀಲ ಇಟ್ಟದ್ದೂ ಪ್ರೀತಿಯಿಂದಲೇ ಅಲ್ಲವೇ? ಬೈಯಬೇಕೆಂದು ಎದ್ದು ಕೂತವನು ಅವನ ಮುಖ ನೋಡಿ, ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದೆ.

ಗಾಡಿಯನ್ನು ಆರಲು ಅಲ್ಲೇ ಬಿಟ್ಟು, ನಿಪ್ಪಾಣಿಯಿಂದ ಒಂದು ಕಾರು ತರಿಸಿ ರೂಪಾಳನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಬೊಬ್ಬೆ ಎದ್ದಿಲ್ಲ, ಆದರೂ ಕೆಲವು ದಿನ ಕಾದು ನೋಡಬೇಕು, ಒಳಗಿನ ಸುಟ್ಟಗಾಯ ತಡವಾಗಿ ತೋರುತ್ತದೆ ಎಂದರು. ಆ ಕೆಲವು ದಿನ ನಾನು ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಬಾಗಿಲು ತೆರೆದಿಟ್ಟರೂ ಬೈಯುತ್ತಿಲ್ಲವಲ್ಲ ಎಂದು ಹೆಂಡತಿ ಗಾಬರಿಯಾಗಿ ಬಿಪಿ ನೋಡಿಸೋಣ ಅಂದಳು. ಕೊನೆಗೊಂದು ಮಧ್ಯಾಹ್ನ ಶಾಂತವ್ವನೇ ಫೋನು ಮಾಡಿ, "ಮಚ್ಚಿ ಹೋತ್ರಿ ಅಣ್ಣಾರ, ಚರ್ಮಾ ಮೊದಲಿನಂಗ ಆಗೇತಿ" ಅಂದಾಗ ನಾನು ಕೂತಲ್ಲೇ ಗೋಡೆಗೆ ಒರಗಿದೆ.

ಮರುದಿನವೇ ಕಾಗವಾಡಕ್ಕೆ ಹೋಗಿ ನೆಲ ಬಿಚ್ಚಿದೆವು. ಹಾಸಿಗೆಯ ಕಾಲ್ದೆಸೆಯಲ್ಲಿ ಫೋಮ್ ಕರಗಿ ಹಿಟ್ಟು ನಾದುವ ಪರಾತದ ಅಗಲಕ್ಕೆ ತಗ್ಗು ಬಿದ್ದಿತ್ತು. ಪ್ಲೈವುಡ್ಡಿನ ತಳ ಕಂದಿತ್ತು. ತಗಡಿನ ಮೇಲೆ ಹಾಲು ತಳಹತ್ತಿದ ಪಾತ್ರೆಯಲ್ಲಿ ಇರುವಂತೆ ಕಪ್ಪು ಹಕ್ಕಳೆ ಕಟ್ಟಿತ್ತು. ಶಾಂತವ್ವ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ಫೋಮ್ ಕರಗಿದ ವಾಸನೆ ಬಂದೇ ಇರಬೇಕು, ಆದರೆ ಹೊಸ ಅಂಟು, ಹೊಸ ವಿನೈಲಿನ ಘಾಟು ಗಾಡಿಯ ತುಂಬ ಮೊದಲೇ ಇತ್ತು. ಅದರೊಳಗೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಲು ಆ ಸಂದಿನಲ್ಲಿ ಇಳಿಯದೇ ಹೋಗಿದ್ದರೆ ನಾನು ಮೂವತ್ತೆಂಟನ್ನು ನೋಡುತ್ತ ಖುಷಿಯಾಗಿ ಘಾಟು ಹತ್ತಿ ಇಳಿದು, ಎಲ್ಲಾ ಬರಾಬರಿ ಐತಿ ಎಂದು ಬೆನ್ನು ತಟ್ಟಿ ಕಳಿಸಿಬಿಡುತ್ತಿದ್ದೆ. ಅವರು ಸಮುದ್ರದ ದಾರಿಯಲ್ಲಿರುತ್ತಿದ್ದರು. ರೂಪಾ ನಿದ್ದೆ ಹೋಗಿರುತ್ತಿದ್ದಳು.

ಸೈಲೆನ್ಸರನ್ನು ಮತ್ತೆ ಬಲಕ್ಕೆ ತಂದೆವು. ಇಳಿಜಾರು ಹಲಗೆಯನ್ನು ನಡುವೆ ಕತ್ತರಿಸಿ, ಮಡಚಿ ಬಾಗಿಲಿಗೆ ಒರಗಿಸಿಡುವಂತೆ ಮಾಡಿದೆವು. ಈ ಸಲ ಹೀಟ್ ಶೀಲ್ಡನ್ನು ಒಂದು ಬದಿಗಲ್ಲ, ಹಿಂದಿನ ಇಡೀ ನೆಲದಡಿ ಕಟ್ಟಿದೆ. ಮತ್ತೆ ಟ್ರಯಲ್‌ಗೆ ಹೊರಡುವ ಮುಂಜಾನೆ ಶಾಂತವ್ವ ಹಾಲಿನ ಪಾತ್ರೆ ಹಿಡಿದು ಗಾಡಿಯ ಬಳಿ ಬಂದು, ನನ್ನನ್ನು ಕಂಡು ಹಿಂದೆ ಸರಿದಳು.

"ಒಳಗ ಉಕ್ಕಿಸ್ರಿ" ಎಂದೆ. "ಆದ್ರ ಕೆಳಗ ಒಂದು ಪರಾತ ಇಡ್ರಿ, ನಿಮ್ಮ ಕೈ ಮುಗೀತೇನಿ."

ಎರಡನೆಯ ಟ್ರಯಲ್ಲಿನಲ್ಲಿ ಮೀಟರನ್ನು ಶಾಂತವ್ವನ ಕೈಗೆ ಕೊಟ್ಟೆ. ನಾನು ಚಪ್ಪಲಿ ಬಿಟ್ಟು, ರೂಪಾಳ ಹಾಸಿಗೆಯ ಅಂಚಿಗೆ ಕೂತು, ಅವಳ ಕಾಲ ಪಕ್ಕದಲ್ಲೇ ನನ್ನ ಬರಿಗಾಲನ್ನು ನೆಲಕ್ಕಿಟ್ಟೆ. ಘಾಟು ಹತ್ತಿ ಇಳಿದು, ಮತ್ತೆ ಹತ್ತಿ, ಕೊಗನೊಳ್ಳಿಯವರೆಗೆ ಹೋಗಿ ಬರುವ ತನಕ ತೆಗೆಯಲಿಲ್ಲ. ಕಾಲು ಜೋಮು ಹಿಡಿಯಿತು. "ಕಾಕಾ, ನಿಮ್ಮ ಕಾಲು ನನ್ನ ಕಾಲಾದಂಗ ಆತು" ಎಂದು ರೂಪಾ ನಕ್ಕಳು. ನೆಲ ತಣ್ಣಗೇ ಇತ್ತು.

ನನ್ನ ಕಸುಬಿನಲ್ಲಿ ಮೀಟರನ್ನು ನಂಬಿಯೇ ಬದುಕಿದವನು ನಾನು. ಆ ದಿನವೂ ಅದು ಸುಳ್ಳು ಹೇಳಲಿಲ್ಲ. ನಾನು ಎಲ್ಲಿ ಹೆದರಿದ್ದೆನೋ ಅಲ್ಲಿ ಅದನ್ನು ಅಂಟಿಸಿದ್ದೆ, ಅದು ಅಲ್ಲಿಯದನ್ನಷ್ಟೇ ಹೇಳಿತು. ಈಗ ಯಾರಾದರೂ ಇಂಥ ಕೆಲಸಕ್ಕೆ ಕರೆದರೆ ನಾನು ಮೊದಲು ಗಾಡಿಯಡಿ ಮಲಗುತ್ತೇನೆ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಮಲಗುತ್ತೇನೆ. ನಾನು ಹೋದ ಮೇಲೆ ಯಾರು ಏನು ಮುಟ್ಟಿದರೆಂದು ಮನೆಮಂದಿಯನ್ನೆಲ್ಲ ಕೇಳುತ್ತೇನೆ. ಆ ನೆಲದ ಮೇಲೆ ಬದುಕುವವರು ಏನಾದರೂ ಅಂದರೆ ಮೀಟರಿನಿಂದ ತಲೆಯೆತ್ತಿ ಕೇಳಿಸಿಕೊಳ್ಳುತ್ತೇನೆ.

ಮಳೆಗಾಲ ಕಳೆದ ಮೇಲೆ ಅವರು ನಿಪ್ಪಾಣಿಯಿಂದ ಸಮುದ್ರದಂಡೆಯ ದೇವಗಡದ ರಸ್ತೆ ಹಿಡಿದು ಹೋದರು. ನಾನು ಮನೆಯಲ್ಲಿ ಕೂತು ಘಾಟು ಇಳಿದರೋ ಇಲ್ಲವೋ ಎಂದು ಗಡಿಯಾರ ನೋಡುತ್ತಿದ್ದೆ. ಸಂಜೆ ರೂಪಾಳ ಫೋನು ಬಂತು. ಹಿಂದೆ ಅಲೆಗಳ ಸದ್ದು ಎಷ್ಟು ಜೋರಾಗಿತ್ತೆಂದರೆ ಅವಳ ಮಾತು ಅರ್ಧ ಕೇಳಲಿಲ್ಲ. ಭರತಿಯ ನೀರು ಏರುತ್ತಿದೆ ಎಂದಳು. ನಾನು ಸಮುದ್ರದ ಮಾತು ಬಿಟ್ಟು, ನೆಲ ಹೇಗಿದೆ ಎಂದು ಕೇಳಿದೆ.

"ತಣ್ಣಗೈತ್ರಿ ಕಾಕಾ."

"ನಿನಗ ಹೆಂಗ ಗೊತ್ತು?"

"ದಾರಿ ತುಂಬ ಕಾಲಿನ ಬಾಜೂಕ ಕೈ ಇಟ್ಕೊಂಡ ಬಂದೇನ್ರಿ."